ಕಾಕಾನ ಮೂರು ಬಟನ್, ಗಂಗವ್ವನ ಬುಟ್ಟಿ

ಹೋದ ತಿಂಗಳು ಹಾನಗಲ್ಲಿನ ಒಂದು ಓಣಿಯಲ್ಲಿ ನಡೆದು ಹೋಗುತ್ತಿದ್ದೆ. ಕೈಯಲ್ಲಿ ಗಿರಾಕಿಯೊಬ್ಬರ ಮೊಬೈಲು, ಬಾಯಲ್ಲಿ ಅದು ಯಾಕೆ ಇನ್ನೂ ರಿಪೇರಿ ಆಗಿಲ್ಲ ಎಂಬುದಕ್ಕೆ ತಯಾರಾಗುತ್ತಿದ್ದ ಸುಳ್ಳು. ಅಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿಯಿಂದ ಬಿಸಿ ಜೋಳದ ಹಿಟ್ಟಿನ ವಾಸನೆ ಬಂತು. ಅದರ ಹಿಂದೆ ಮೋಟರಿನ ಕಾದ ಪಟ್ಟಾದ ರಬ್ಬರಿನ ವಾಸನೆ, ಅದರ ಹಿಂದೆ ಯಾರೋ ಕುಟ್ಟಿಸಿಕೊಂಡು ಹೋದ ಮೆಣಸಿನಕಾಯಿಯ ಘಾಟು. ಏಳು ಸಲ ಸೀನಿದೆ. ಎಂಟನೆಯದಕ್ಕೆ ಕಣ್ಣಲ್ಲಿ ನೀರು ಬಂತು. ನೋಡಿದವರು ಸೀನಿನಿಂದಲೇ ಬಂತು ಅಂದುಕೊಳ್ಳಲಿ ಅಂತ ಒಂದು ಸುಳ್ಳು ಸೀನನ್ನೂ ಸೇರಿಸಿದೆ.

ನೆನಪಾದದ್ದು ಹತ್ತಿಮತ್ತೂರಿನ ಒಂದು ಮಳೆಗಾಲ. ಕಾರಹುಣ್ಣಿಮೆ ಮುಗಿದು ನಾಲ್ಕು ದಿನಕ್ಕೆ ಶುರುವಾಗಿ ನಾಗರಪಂಚಮಿಗೆ ಮುಗಿದ, ಎರಡು ತಿಂಗಳೂ ತುಂಬದ ಕಾಲ. ಆಗ ನನಗೆ ಇಪ್ಪತ್ತು. ಶಿಗ್ಗಾಂವಿಯ ನಮ್ಮ ಮನೆಯಿಂದ ಡಿಪ್ಲೊಮಾ ಓದಲು ಹೋಗುತ್ತಿದ್ದೆ. ಓದುತ್ತಿದ್ದೆ ಎಂಬುದು ಅಪ್ಪನ ನಂಬಿಕೆ. ಆ ವರ್ಷದ ಕಂಪ್ಯೂಟರ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎರಡು ತಾಸು ಕೂತು, ಬೆವರು ಸುರಿಸಿ, ಜೀವನದಲ್ಲಿ ಮೊದಲ ಬಾರಿಗೆ ಒಂದು ಸರಿಯಾದ ಪ್ರೋಗ್ರಾಮು ಬರೆದೆ. ಪರೀಕ್ಷಕರು ನನ್ನ ಹತ್ತಿರ ಬರುವಷ್ಟರಲ್ಲಿ, ಶಿಸ್ತಿನ ಹುಡುಗ ಅನಿಸಿಕೊಳ್ಳಬೇಕೆಂದು ಕಂಪ್ಯೂಟರ್ ಬಂದ್ ಮಾಡಿ, ಕುರ್ಚಿ ಒಳಗೆ ತಳ್ಳಿ, ಕೈ ಕಟ್ಟಿ ನಿಂತಿದ್ದೆ. ಪ್ರೋಗ್ರಾಮನ್ನು ಸೇವ್ ಮಾಡಿರಲಿಲ್ಲ.

“ಕಂಪ್ಯೂಟರ್ ಕಲಿಯಾಕ ಹೋಗಿ ಕಂಪ್ಯೂಟರನ್ಯಾಗ ನಪಾಸ್ ಆಗಿ ಬಂದಿಯಲ್ಲೋ,” ಅಂದ ಅಪ್ಪ. “ಹೋಗು, ಶೇಖಪ್ಪನ ಗಿರಣ್ಯಾಗ ಹಿಟ್ಟರ ಬೀಸು. ಅಲ್ಲೆ ಏನೂ ಸೇವ್ ಮಾಡೂದು ಇರಾಂಗಿಲ್ಲ.”

ಶೇಖಪ್ಪ ನನ್ನ ಕಾಕಾ, ಅಪ್ಪನ ತಮ್ಮ. ಹತ್ತಿಮತ್ತೂರಿನಲ್ಲಿ ಅವನದು ತಗಡಿನ ಮಾಡಿನ ಒಂದು ಹಿಟ್ಟಿನ ಗಿರಣಿ, ಮುಂದೆ ಕಾಯುವವರಿಗೆ ಒಂದು ಪಡಸಾಲೆ. ಕಾಕಾ ಹೆಚ್ಚು ಮಾತಾಡುವವನಲ್ಲ. ಗಿರಣಿಯ ಸದ್ದಿನಲ್ಲಿ ಮೂವತ್ತು ವರ್ಷ ಕಳೆದವರಿಗೆ ಮಾತು ದಂಡ ಅನಿಸುತ್ತದೋ ಏನೋ. ಅವನ ಬಲಗೈ ಮೇಲೆ ಯಾವಾಗಲೂ ಒಂದು ಟಾವೆಲ್ ಇರುತ್ತಿತ್ತು. ಅದರ ಕೆಳಗೆ ತೋರುಬೆರಳೂ ನಡುಬೆರಳೂ ಇರಲಿಲ್ಲ. ನಾನು ಹುಟ್ಟುವ ಮೊದಲು ಒಂದು ದಿನ ಜಾರಿದ ಪಟ್ಟಾವನ್ನು ಏರಿಸುವಾಗ ಅವನು ಮೇನ್ ಸ್ವಿಚ್ ಇಳಿಸಿರಲಿಲ್ಲ. ಮೋಟರು ತಿರುಗಿತು, ಪಟ್ಟಾ ಎಳೆಯಿತು. ಆಮೇಲೆ ಎಡಗೈಯಿಂದ ಮೇನ್ ಹ್ಯಾಂಡಲ್ಲಿನ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ತಾನೇ ಬರೆದ: “ಮೊದಲು ಮೇನ್ ಇಳಿಸು.” ಅಕ್ಷರ ಸೊಟ್ಟಗಿದ್ದವು, ಕಾಯಿದೆ ನೆಟ್ಟಗಿತ್ತು. ಪಟ್ಟಾ ಜಾರಿದರೆ ಮೇನ್, ಕಲ್ಲು ಕಾದರೆ ಮೇನ್, ಮಳೆಯ ಗುಡುಗು ಬಂದರೆ ಮೇನ್, ತ್ರೀ ಫೇಸ್ ಕರೆಂಟು ಹೋದರೆ ಮೇನ್. ಒಮ್ಮೆ ಚಹಾ ಚೆಲ್ಲಿದಾಗಲೂ ಇಳಿಸಿದ್ದನ್ನು ನಾನು ಕಂಡಿದ್ದೇನೆ.

ಹೋದ ಮೂರನೇ ದಿನ, ಗಿರಣಿಯ ಹಿಂದಿನ ಕೋಣೆಯಲ್ಲಿ ಹಳೆಯ ಪಟ್ಟಾ ತುಂಬಿಟ್ಟಿದ್ದ ಒಂದು ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆ ಕಂಡಿತು. ಅದರೊಳಗೆ ಒಂದು ಕೋಳಿ ಸಂಸಾರ ಹೂಡಿತ್ತು. ಕೋಳಿಯನ್ನು ಎಬ್ಬಿಸಿದರೆ, ಅದು ವಿಡಿಯೋ ಗೇಮ್ ಮಶೀನು! ಶಿಗ್ಗಾಂವಿಯ ಬಸ್‌ಸ್ಟ್ಯಾಂಡ್ ಹತ್ತಿರ ಎಂದೋ ಇದ್ದ ವಿಡಿಯೋ ಗೇಮ್ ಅಂಗಡಿ ಮುಚ್ಚಿದಾಗ ಕಾಕಾ ತಂದಿದ್ದನಂತೆ.

“ಯಾಕ ತಂದಿದ್ದಿ ಕಾಕಾ?”

“ಕಟಿಗಿ ಚಲೋ ಇತ್ತು,” ಅಂದ. ಅಷ್ಟೇ.

ನಿಜ ಸಂಗತಿ ಕಾಕಾನ ಹೆಂಡತಿ ಚಿಗವ್ವ ಹೇಳಿದಳು. ಕಾಲೇಜಿನ ಕಾಲದಲ್ಲಿ ಕಾಕಾ ಆ ಅಂಗಡಿಯ ರಾಜ. ಇಬ್ಬರು ಗುದ್ದಾಡುವ ಒಂದು ಆಟದಲ್ಲಿ ಅವನನ್ನು ಸೋಲಿಸುವವನು ಒಬ್ಬನೇ ಇದ್ದ, ಹಂಸಭಾವಿಯ ಚನ್ನಬಸಪ್ಪ. ಅವನು ಆಟದಲ್ಲಿ ಗೆದ್ದದ್ದು ಸಾಲದೆ ಕಾಕಾನ ಅಕ್ಕನನ್ನೂ ಮದುವೆಯಾಗಿ ಹಿರೇಕೆರೂರು ತಾಲೂಕಿಗೆ ಕರೆದುಕೊಂಡು ಹೋದ. ಹಾಗಾಗಿ ನನಗೆ ಮಾವ. ಬೆರಳು ಹೋದ ಮೇಲೆ ಕಾಕಾ ಆಟದ ಹೆಸರೇ ಎತ್ತಿರಲಿಲ್ಲ.

ಇಷ್ಟು ಕೇಳಿದ ಮೇಲೆ ಬುದ್ಧಿವಂತರಾದವರು ಪೆಟ್ಟಿಗೆಯನ್ನು ಕೋಳಿಗೇ ಬಿಟ್ಟುಕೊಡುತ್ತಿದ್ದರು. ನಾನು ಶಿಗ್ಗಾಂವಿಯಿಂದ ನನ್ನ ಹಳೆಯ ಕಂಪ್ಯೂಟರ್ ತಂದು ಅದರೊಳಗೆ ಕೂರಿಸಿದೆ. ಆನ್‌ಲೈನಿನಲ್ಲಿ ಎರಡು ಜಾಯ್‌ಸ್ಟಿಕ್, ಹನ್ನೆರಡು ಬಟನ್ ತರಿಸಿದೆ. ವಿಳಾಸವನ್ನು ನಾನು ಅರ್ಧ ಬರೆದಿದ್ದರಿಂದ ಅವು ಮೊದಲು ಹತ್ತಿಮತ್ತೂರಿನ ಬದಲು ಸವಣೂರು ಸುತ್ತಿ ಬಂದವು. ಕಂಪ್ಯೂಟರಿಗೆ ಎಮ್ಯುಲೇಟರ್ ಹಾಕಿದೆ. ಎಮ್ಯುಲೇಟರ್ ಅಂದರೆ ಹಳೆಯ ಮಶೀನಿನ ಸೋಗು ಹಾಕುವ ಪ್ರೋಗ್ರಾಮು. ಕಂಪ್ಯೂಟರು ತಾನು ಕಂಪ್ಯೂಟರು ಎಂಬುದನ್ನು ಮರೆತು, ಬಣ್ಣ ಬಳಿದುಕೊಂಡು, ನಾನು ಮೂವತ್ತು ವರ್ಷ ಹಿಂದಿನ ಮಶೀನು ಅಂತ ಕುಣಿಯುತ್ತದೆ. ಯಾವ ಬಟನ್ ಒತ್ತಿದರೆ ಏನಾಗಬೇಕು ಎಂಬುದನ್ನು ಅದಕ್ಕೆ ನಾವೇ ಹೇಳಿಕೊಡಬಹುದು. ಮೇನ್ ಏರಿಸಿದರೆ ಕಂಪ್ಯೂಟರು ತಾನೇ ಏಳುವಂತೆ, ಎದ್ದ ಕೂಡಲೇ ತಾನೇ ಆಟ ತೆರೆಯುವಂತೆ ಮಾಡಿ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಆ ಬುದ್ಧಿಯೇ ಮುಂದೆ ಮೂರು ವಾರ ನನ್ನನ್ನು ಅರೆಯಲಿತ್ತು.

ಮಶೀನನ್ನು ಪಡಸಾಲೆಯಲ್ಲಿ ನಿಲ್ಲಿಸಿದ ದಿನ ಹೊರಗೆ ಜಿಟಿಜಿಟಿ ಮಳೆ. ಎಡೆ ಹೊಡೆಯಲು ಹೊಲಕ್ಕೆ ಹೋಗಲಾಗದ ಜನ ಜೋಳದ ಚೀಲ ತಂದು ಸಾಲಾಗಿ ಕೂತಿದ್ದರು. ಆಟದ ಸದ್ದು ಕೇಳಿ ಕಾಕಾ ಒಳಗಿನಿಂದ ಬಂದ. ಬೈಯುತ್ತಾನೆ ಅಂತ ನಾನು ಜೋಳದ ಚೀಲದ ಹಿಂದೆ ಸರಿದೆ. ಅವನು ಬೈಯಲಿಲ್ಲ. ಪರದೆಯನ್ನೇ ನೋಡುತ್ತ ಬಹಳ ಹೊತ್ತು ನಿಂತ. ಆಮೇಲೆ ಒಳಗೆ ಹೋಗಿ ಮೇನ್ ಇಳಿಸಿದ.

ಮರುದಿನ ಬೆಳಿಗ್ಗೆ, ಗಿರಣಿಗೆ ಬೇಕಾದ ತ್ರೀ ಫೇಸ್ ಇನ್ನೂ ಬರದೆ, ಆಟದ ಮಶೀನಿಗೆ ಸಾಕಾಗುವ ಸಿಂಗಲ್ ಫೇಸ್ ಮಾತ್ರ ಇದ್ದ ಹೊತ್ತಿನಲ್ಲಿ, ಗಿರಣಿಯಲ್ಲಿ ಯಾರೂ ಇಲ್ಲದಾಗ ಕರೆದ.

“ಈರ್ಯಾ, ಆ ಬಟನ್ ಅದಾವಲಾ, ಅವನ್ನ ಬ್ಯಾರೆ ಕಡೆ ಇಡಾಕ ಬರ್ತೈತೇನು?”

“ಬಟನ್ ಅಲ್ಲೇ ಇರ್ತಾವ ಕಾಕಾ. ಅವು ಮಾಡೋ ಕೆಲಸ ಬದ್ಲಿ ಮಾಡಬೌದು. ಯಾವುದು ಎಲ್ಲಿ ಬೇಕು ಹೇಳು.”

ಅವನು ಬಾಗಿಲ ಕಡೆ ಒಮ್ಮೆ ನೋಡಿ ಟಾವೆಲ್ ತೆಗೆದ. ಹುಟ್ಟಿದಾಗಿನಿಂದ ನೋಡುತ್ತಿದ್ದ ಕಾಕಾನ ಬಲಗೈಯನ್ನು ನಾನು ಕಂಡದ್ದು ಅಂದೇ. ಹೆಬ್ಬೆರಳು, ಒಂದು ಬಯಲು, ಆಮೇಲೆ ಉಂಗುರಬೆರಳು, ಕಿರುಬೆರಳು. ಆ ಕೈಯನ್ನು ಅವನು ಮೆಲ್ಲಗೆ ಬಟನ್ನುಗಳ ಮೇಲೆ ಇಟ್ಟ. ತಕ್ಕಡಿಯಲ್ಲಿ ಏನೋ ಇಡುವ ಹಾಗೆ.

ಆರು ಬಟನ್ನಿನಲ್ಲಿ ಅವನ ಬೆರಳಿಗೆ ಸಲೀಸಾಗಿ ಸಿಗುತ್ತಿದ್ದದ್ದು ಮೂರು. ಹೆಬ್ಬೆರಳಿಗೆ ಗುದ್ದು ಕೊಟ್ಟೆ. ಉಂಗುರಬೆರಳಿಗೆ ಒದೆ. ಎದುರಾಳಿಯನ್ನು ಎತ್ತಿ ಒಗೆಯಬೇಕಾದರೆ ಎರಡನ್ನೂ ಒಟ್ಟಿಗೆ ಒತ್ತಬೇಕು. ಅದನ್ನು ಕಿರುಬೆರಳ ಕೆಳಗಿನ ಒಂದೇ ಬಟನ್ನಿಗೆ ಕಟ್ಟಿದೆ. ಕಾಕಾ ಎಡಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದು, ಕಿರುಬೆರಳು ಒತ್ತಿದ. ಪರದೆಯ ಮೇಲೆ ಒಬ್ಬ ಪೈಲ್ವಾನ ಇನ್ನೊಬ್ಬನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ.

ಕಾಕಾ ನಕ್ಕ. ಅವನ ಬಾಯಲ್ಲಿ ಅಷ್ಟು ಹಲ್ಲು ಇವೆ ಅಂತ ನನಗೆ ಗೊತ್ತಿರಲಿಲ್ಲ.

ಅದೇ ಖುಷಿಯಲ್ಲಿ ನಾನು ಮಾಡಬಾರದ ಕೆಲಸ ಮಾಡಿದೆ. ಮಾವನಿಗೆ ಫೋನ್ ಹಚ್ಚಿ, “ಮಾವಾ, ಕಾಕಾ ಮತ್ತ ಆಡಾಕ ಹತ್ಯಾನ್ರಿ. ಈಗ ಬಂದ್ರ ನಿಮ್ಮನ್ನ ಎತ್ತಿ ಒಗಿತಾನ ನೋಡ್ರಿ,” ಅಂದೆ.

ಆ ಕಡೆಯಿಂದ ಮಾವನ ದನಿ: “ಹೌದೇನು! ಹಂಗಾರ ಪಂಚಮಿಗೆ ನಿಮ್ಮತ್ತಿನ್ನ ಕರ್ಕೊಂಡು ನಾನೂ ಬರ್ತೇನಿ. ಐದು ಗಿಟಕು ಕೊಬ್ಬರಿ ಪಂದ್ಯ ಅಂತ ಹೇಳು ನಿಮ್ಮ ಕಾಕಾಗ.”

ನಮ್ಮ ಕಡೆ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಗಂಡಸರು ಏನಾದರೊಂದು ಪಂದ್ಯ ಕಟ್ಟುತ್ತಾರೆ. ನಿಂಬೆಹಣ್ಣು ಯಾರು ದೂರ ಒಗೆಯುತ್ತಾರೆ, ಕಣ್ಣು ಕಟ್ಟಿಕೊಂಡು ಯಾರು ಗುಡಿ ಮುಟ್ಟುತ್ತಾರೆ. ಗೆದ್ದವನಿಗೆ ಒಣಕೊಬ್ಬರಿಯ ಗಿಟಕು. ಪಂದ್ಯ ಬೇಡ ಅಂದವನ ಹೆಸರನ್ನು ಮುಂದಿನ ಪಂಚಮಿವರೆಗೂ ಆಡಿಕೊಳ್ಳುತ್ತಾರೆ. ವಿಷಯ ಕೇಳಿದ ಕಾಕಾ ಒಂದು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಅವನು ಮೊದಲೇ ಮಾತಾಡದವನಾದ್ದರಿಂದ ಇದು ನನಗೆ ತಿಳಿದದ್ದು ಸಂಜೆ.

ಮರುದಿನ ಅಂದ: “ಊರ ಮಂದಿ ಮುಂದ ಈ ಕೈ ತಗದು, ಇದು ಸಿಗತೈತಿ, ಇದು ಸಿಗೂದಿಲ್ಲ ಅಂತ ನಿನಗ ತೋರಿಸ್ಕೋತ ನಿಂದ್ರಾಕ ನನ್ನ ಕಡಿಂದ ಆಗೂದಿಲ್ಲ. ನೀ ಮಾಡಿದ ಸೆಟ್ಟಿಂಗ್ ಮಶೀನದಾಗ ನಿಂತ್ರ ಆಡ್ತೇನಿ. ಇಲ್ಲಂದ್ರ ಪಂಚಮಿ ದಿನ ನಾ ಹೊಲಕ್ಕ ಹೋಗಿಬಿಡಾಂವ. ಅಂದ್ಕೊಳ್ಳಲಿ ಯಾರು ಏನರ.”

ಸೆಟ್ಟಿಂಗ್ ಮಾತ್ರ ನಿಲ್ಲುತ್ತಲೇ ಇರಲಿಲ್ಲ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಮಾಯ. ಹೆಬ್ಬೆರಳು ಒತ್ತಿದರೆ ಪೈಲ್ವಾನ ಒದೆಯುತ್ತಿದ್ದ, ಕಿರುಬೆರಳು ಒತ್ತಿದರೆ ಸುಮ್ಮನೆ ನಿಂತು ಮುಖ ನೋಡುತ್ತಿದ್ದ. ನಾನು ಯಾವುದನ್ನೆಲ್ಲ ಅನುಮಾನಿಸಿದೆ ಅಂತ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮೊದಲು ಇಲಿಯನ್ನು ಅನುಮಾನಿಸಿದೆ. ಬೋನು ಇಟ್ಟು ನನ್ನದೇ ಕಾಲ್ಬೆರಳು ಸಿಕ್ಕಿಸಿಕೊಂಡೆ. ಹಿಟ್ಟಿನ ಧೂಳು ಅಂತ ಕಂಪ್ಯೂಟರಿಗೆ ಹಳೆಯ ಸೊಳ್ಳೆಪರದೆ ಹೊದಿಸಿದೆ. ಅದು ಬಿಸಿಯಾಗಿ ಕೂಗತೊಡಗಿತು. ದೃಷ್ಟಿ ತಾಗಿದೆ ಅಂತ ಜಾಯ್‌ಸ್ಟಿಕ್ಕಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದೆ. ಹುಡುಗನೊಬ್ಬ ಆಟದ ಭರದಲ್ಲಿ ಮೆಣಸಿನಕಾಯಿ ಹಿಂಡಿ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡ. ಯೂಟ್ಯೂಬಿನಲ್ಲಿ ಎಮ್ಯುಲೇಟರ್ ಕಲಿಸುವ ಒಬ್ಬ ಪುಣ್ಯಾತ್ಮನ ವಿಡಿಯೋ ಹನ್ನೊಂದು ಸಲ ನೋಡಿದೆ. ಕೊನೆಗೆ ಅವನು ಲೈಕ್ ಮಾಡಿ, ಶೇರ್ ಮಾಡಿ ಅಂತ ಶುರು ಮಾಡುತ್ತಲೇ ಹನ್ನೊಂದೂ ಸಲ ಬಂದ್ ಮಾಡಿದೆ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ದಿನಾ ಬೆಳಿಗ್ಗೆ ಮೊದಲಿನಿಂದ ಸೆಟ್ಟಿಂಗ್ ಮಾಡುವ ಆ ಅರ್ಧ ತಾಸು ನನಗೆ ಸೇರತೊಡಗಿತ್ತು. ತಗಡಿನ ಮೇಲೆ ಮಳೆ ಸದ್ದು, ಚಿಗವ್ವ ಕೊಟ್ಟ ಚಹಾ, ಕಾಕಾನ ಬರಿಗೈ ನನ್ನ ಕಣ್ಣ ಮುಂದೆ. “ಕಿರುಬಳ್ಳು ಇನ್ನೊಂದೀಟು ಈಚೆ ಬೇಕು” ಅನ್ನುತ್ತಿದ್ದ. ಇನ್ನೊಂದು ದಿನ “ಒದಿಯೂದು ಮ್ಯಾಲಿನ ಸಾಲಿಗೆ ಇರಲಿ” ಅನ್ನುತ್ತಿದ್ದ. ನಡುನಡುವೆ ಶಿಗ್ಗಾಂವಿಯ ಆ ಅಂಗಡಿಯ ಸುದ್ದಿ. ಕಾಲೇಜಿಗೆ ಚಕ್ಕರ್ ಹೊಡೆದದ್ದು, ಮಾವ ಸೋತಾಗ ಮಶೀನಿಗೆ ಒದ್ದು ಕಾಲು ಊದಿಸಿಕೊಂಡದ್ದು. ಕಾಕಾನ ಹೊಟ್ಟೆಯಲ್ಲಿ ಅಷ್ಟು ಮಾತು ಇತ್ತು ಅಂತ ಯಾರಿಗೆ ಗೊತ್ತಿತ್ತು? ಮಂದಿಯ ಕಾಲಸಪ್ಪಳ ಕೇಳಿದ ಕೂಡಲೇ ಟಾವೆಲ್ ಕೈಮೇಲೆ ಬೀಳುತ್ತಿತ್ತು, ಮಾತು ನಿಲ್ಲುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಗಂಗವ್ವ ಬಂದಳು.

ಗಂಗವ್ವ ಹಿಂದಿನ ಓಣಿಯ ಅಜ್ಜಿ. ಕೈ ನಡುಗುತ್ತದೆ, ನಾಲಿಗೆ ನಡುಗುವುದಿಲ್ಲ. ಹಿಟ್ಟು ಬೀಳದಿರಲಿ ಅಂತ ನಾನು ಮಶೀನಿನ ಪಕ್ಕದ ಕಟ್ಟೆಯ ಮೇಲೆ ಕೀಬೋರ್ಡಿಗೆ ಹಳೆಯ ಧೋತರದ ತುಂಡು ಮುಚ್ಚಿಟ್ಟಿದ್ದೆ. ಅವಳು ತನ್ನ ಜೋಳದ ಬುಟ್ಟಿಯನ್ನು ನೇರವಾಗಿ ಅದರ ಎಡಮೂಲೆಯ ಮೇಲೆ ಇಟ್ಟಳು. ಆಟ ಫಕ್ಕನೆ ಮುಚ್ಚಿಹೋಯಿತು.

“ಯವ್ವಾ! ಅದರ ಮ್ಯಾಲ ಯಾಕಿಟ್ಟಿ?”

“ಅರಿವಿ ಮುಚ್ಚಿದ ಕಟ್ಟಿ ಮ್ಯಾಲ ಬುಟ್ಟಿ ಇಡ್ದ ನಿನ್ನ ತಲಿ ಮ್ಯಾಲ ಇಡ್ಲೇನು?”

ಬುಟ್ಟಿ ಇಳಿಸಿ ಆಟ ಮತ್ತೆ ತೆರೆದೆ. ಆಮೇಲೆ ಎಂದಿನಂತೆ ತ್ರೀ ಫೇಸ್ ಹೋಯಿತು, ಕಾಕಾ ಮೇನ್ ಇಳಿಸಿದ. ಮಂಗಳವಾರ ಬೆಳಿಗ್ಗೆ ನೋಡಿದರೆ ಸೆಟ್ಟಿಂಗ್ ಹಾಗೇ ನಿಂತಿತ್ತು! ನಾನು ಕುಣಿದಾಡಿದೆ. ಆ ಕುಣಿತದಲ್ಲೇ ಕಾಕಾ ಕಿರುಬೆರಳಿಗೆ ಸಣ್ಣ ಬದಲಾವಣೆ ಹೇಳಿದ, ಮಾಡಿದೆ. ಬುಧವಾರಕ್ಕೆ ಆ ಬದಲಾವಣೆ ಇಲ್ಲ. ಮಶೀನು ಸೋಮವಾರದ್ದನ್ನೇ ಹಿಡಿದು ಕೂತಿತ್ತು. ಗುರುವಾರವೂ ಅದೇ ಕಥೆ.

ನಾನು ವಿಚಾರ ಮಾಡಿದೆ. ಡಿಪ್ಲೊಮಾ ಓದಿದ ತಲೆ. ಸೋಮವಾರ ಇದ್ದು ಉಳಿದ ದಿನ ಇಲ್ಲದ್ದು ಏನು? ಗಂಗವ್ವನ ಬುಟ್ಟಿ. ಶುಕ್ರವಾರ ಬೆಳಿಗ್ಗೆ ಹೊಸ ಸೆಟ್ಟಿಂಗ್ ಮಾಡಿ, ಅವಳ ಮನೆಗೇ ಹೋದೆ.

“ಅಜ್ಜೀ, ಒಂದೀಟು ಗಿರಣಿಗೆ ಬರ್ತೀಯೇನು? ಬುಟ್ಟಿ ತಗೊಂಡು.”

“ಜ್ವಾಳ ಇಲ್ಲಲೋ.”

“ಖಾಲಿ ಬುಟ್ಟಿ ನಡಿತೈತಿ. ಭಾರಕ್ಕ ಒಳಗ ಎರಡು ಕಲ್ಲು ಹಾಕಿದ್ರಾತು.”

ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಇರಲಿಲ್ಲ. ಪಾಪ, ಬಂದಳು. ಬುಟ್ಟಿ ಇಟ್ಟಳು. ಆಟ ಮುಚ್ಚಿತು. ಅದು ಬುಟ್ಟಿಗೆ ಮಶೀನು ಕೊಡುವ ಮರ್ಯಾದೆ ಅಂತ ನಾನು ತಿಳಿದಿದ್ದೆ. ಶನಿವಾರ ನೋಡಿದರೆ ಸೆಟ್ಟಿಂಗ್ ನಿಂತಿದೆ! ಆಮೇಲೆ ಒಂದು ವಾರ ಗಂಗವ್ವನಿಗೆ ದಿನಾ ಸಂಜೆ ಗಿರಣಿಯಲ್ಲಿ ಚಹಾ, ಅವಲಕ್ಕಿ. ಅವಳು ಬಂದು ಬುಟ್ಟಿ ಇಟ್ಟು, ಐದು ಎಣಿಸಿ, ತೆಗೆದುಕೊಂಡು ಹೋಗುವಳು. ಊರವರು ಕೇಳಿದರೆ, “ಶೇಖಪ್ಪನ ಅಣ್ಣನ ಮಗಗ ಏನೋ ಆಗೈತಿ. ನನ್ನ ಬುಟ್ಟಿ ಕಂಡ್ರ ಸಮಾಧಾನ ಆಗತೈತಿ ಅದಕ್ಕ,” ಅನ್ನುತ್ತಿದ್ದಳಂತೆ.

ಪಂಚಮಿಗೆ ನಾಲ್ಕು ದಿನ ಇರುವಾಗ ಬುಟ್ಟಿ ಕೈಕೊಟ್ಟಿತು. ಹಬ್ಬದ ಅಳ್ಳಿಟ್ಟು, ಉಂಡಿಯ ಹಿಟ್ಟು ಅಂತ ಗಿರಣಿಯಲ್ಲಿ ಜಾತ್ರೆಯಂಥ ಗದ್ದಲ. ಗಂಗವ್ವ ಜಾಗ ಸಿಗದೆ ಬುಟ್ಟಿಯನ್ನು ಕೀಬೋರ್ಡಿನ ಬಲಮೂಲೆಗೆ ಇಟ್ಟು ಹೋದಳು. ಮರುದಿನ ನೋಡಿದರೆ ಹಿಂದಿನ ದಿನ ತಿದ್ದಿದ್ದು ಇಲ್ಲ, ಮತ್ತೆ ಹಳೆಯದೇ.

ಕಾಕಾ ಕೈಯನ್ನು ಟಾವೆಲ್ಲಿನೊಳಗೆ ಸೇರಿಸಿಕೊಂಡು, “ಆತು ಬಿಡು. ಹೊಲಕ್ಕ ಹೋಗ್ತೇನಿ,” ಅಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಅದೇ ನನಗೆ ನಾಟಿತು.

ಅವನು ಒಳಗೆ ಹೋದ ಮೇಲೆ ಧೋತರದ ತುಂಡು ಎತ್ತಿ, ಬುಟ್ಟಿ ದಿನಾ ಕೂರುತ್ತಿದ್ದ ಎಡಮೂಲೆಯಲ್ಲಿ ಏನಿದೆ ಅಂತ ಮೊದಲ ಬಾರಿಗೆ ನೋಡಿದೆ. ಎಸ್ಕೇಪ್ ಕೀ ಇತ್ತು. ಒತ್ತಿದೆ. ಆಟ ಮುಚ್ಚಿತು. ಓಡಿಹೋಗಿ ಆ ಪುಣ್ಯಾತ್ಮನ ವಿಡಿಯೋದ ಕೊನೆಯ ನಿಮಿಷ ನೋಡಿದೆ. ಲೈಕು, ಶೇರು ಎಲ್ಲ ಆದ ಮೇಲೆ ಅವನು ತಣ್ಣಗೆ ಹೇಳುತ್ತಿದ್ದ: ಎಸ್ಕೇಪ್ ಒತ್ತಿ ಹೊರಗೆ ಬಂದಾಗ ಮಾತ್ರ ಸೆಟ್ಟಿಂಗ್ ಸೇವ್ ಆಗುತ್ತದೆ. ಹಾಗೇ ಕರೆಂಟು ತೆಗೆದರೆ ಹೋಗುತ್ತದೆ.

ಮೂರು ವಾರದಿಂದ ಸೆಟ್ಟಿಂಗನ್ನು ತಿನ್ನುತ್ತಿದ್ದದ್ದು ಇಲಿಯೂ ಅಲ್ಲ, ದೃಷ್ಟಿಯೂ ಅಲ್ಲ. ಗೋಡೆಯ ಮೇಲಿನ ಕೆಂಪು ಅಕ್ಷರ. ಬೆರಳು ಕಳೆದುಕೊಂಡ ಮೇಲೆ ಕಾಕಾ ಮಾಡಿಕೊಂಡ ಕಾಯಿದೆಯೇ ಆ ಬೆರಳಿಗಾಗಿ ಮಾಡಿದ್ದನ್ನು ದಿನಾ ಅಳಿಸುತ್ತಿತ್ತು. ಅವನಿಗೆ ಇದನ್ನು ಹೇಗೆ ಹೇಳಲಿ? ಅಂಜುತ್ತ ಹೇಳಿದೆ. ಕಾಕಾ ಗೋಡೆ ನೋಡಿದ, ಕೀಬೋರ್ಡು ನೋಡಿದ, ನನ್ನನ್ನು ನೋಡಿದ.

“ಅಂದ್ರ ನೀ ಪರೀಕ್ಷಾದಾಗ ಮಾಡಿದ್ದನ್ನ ನಾ ಇಲ್ಲಿ ದಿನಾ ಮಾಡಾಕತ್ತಿದ್ನಿ.”

“ಹೂಂ ಕಾಕಾ.”

“ಒಂದ ಮನೆತನ,” ಅಂದು ಚಹಾ ಕುಡಿಯಲು ಹೋದ.

ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಬಂದ ಜನ ಮಧ್ಯಾಹ್ನ ಗಿರಣಿಯ ಮುಂದೆ ಸೇರಿದರು. ಬೀಸುವುದಕ್ಕೆ ರಜೆ, ಮಶೀನಿಗಾಗಿ ಮೇನ್ ಏರಿತ್ತು. ಮಳೆ ಬಿಡುವು ಕೊಟ್ಟಿತ್ತು. ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗುಂಯ್‌ಗುಡಿಸುತ್ತಿದ್ದರು. ಅತ್ತೆಯನ್ನು ಮನೆಗೆ ಬಿಟ್ಟು ಮಾವ ಇಸ್ತ್ರಿ ಅಂಗಿ ತೊಟ್ಟು ಬಂದ.

“ಬರ್ರಿ ಭಾವಾ, ಆರಾಮ್ರಿ?” ಅಂದ ಕಾಕಾ, ಮನೆಯ ಅಳಿಯನಿಗೆ ಕೊಡುವ ಎಲ್ಲ ಮರ್ಯಾದೆಯಿಂದ.

“ಆರಾಮ್ರಿ,” ಅಂದ ಮಾವ. ಇಬ್ಬರೂ ಮಶೀನಿನ ಮುಂದೆ ನಿಂತರು. ಜಾಯ್‌ಸ್ಟಿಕ್ ಕೈಗೆ ಬಂದದ್ದೇ ತಡ, “ಬಾರಲೇ ಶೇಖ್ಯಾ!” ಅಂದ.

“ಬಂದೆ ನಿಂದ್ರಲೇ ಚನ್ಬಸ್ಯಾ!”

ಕಾಕಾ ಬಲಗೈಯನ್ನು ಟಾವೆಲ್ ಸಮೇತ ಬಟನ್ನುಗಳ ಮೇಲಿಟ್ಟ. ದನದ ಸಂತೆಯಲ್ಲಿ ದಲಾಲರು ವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರಲ್ಲ, ಹಾಗೆ. ಆಟ ಶುರುವಾಯಿತು. ಟಾವೆಲ್ಲಿನ ಕೆಳಗೆ ಏನೋ ಸಣ್ಣ ಪ್ರಾಣಿ ಮಿಸುಕಾಡಿದಂತೆ ಕಾಣುತ್ತಿತ್ತು. ಪರದೆಯ ಮೇಲೆ ಮಾವನ ಪೈಲ್ವಾನ ಹೊಡೆತ ತಿನ್ನುತ್ತಿದ್ದ. ಗುದ್ದು, ಒದೆ, ಎತ್ತಿ ಒಗೆತ. ಮೊದಲ ಸುತ್ತು ಕಾಕಾಗೆ. ಎರಡನೆಯ ಸುತ್ತಿನಲ್ಲಿ ಮಾವನ ಪೈಲ್ವಾನ ಗುದ್ದಬೇಕಾದಾಗ ಒದೆಯುತ್ತಿದ್ದ, ಒದೆಯಬೇಕಾದಾಗ ಗಾಳಿ ಕುಡಿಯುತ್ತ ನಿಲ್ಲುತ್ತಿದ್ದ. ಅದೂ ಕಾಕಾಗೆ.

“ನನ್ನ ಬಟನ್ ಕೆಟ್ಟಾವು!” ಅಂದ ಮಾವ.

“ಬಟನ್ ಅಲ್ರಿ ಮಾವಾರ, ವಯಸ್ಸು!” ಅಂದರು ಯಾರೋ. ಜನ ಹೋ ಅಂದಿತು. ಕೊಬ್ಬರಿ ಗಿಟಕು ಕಾಕಾನ ಕಡೆ ಹೊರಳತೊಡಗಿತು. ನಾನು ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆಯುತ್ತಿದ್ದೆ.

ಕಾಕಾ ನಗುತ್ತಿರಲಿಲ್ಲ. ಆ ಕಡೆ ಹೋಗಿ, ಎಡಗೈಯಿಂದ ಮಾವನ ಬಟನ್ನುಗಳನ್ನು ಒಂದೊಂದಾಗಿ ಒತ್ತಿ ಪರದೆ ನೋಡಿದ. ಗುದ್ದು. ಒದೆ. ಎರಡೂ ಒಟ್ಟಿಗೆ. ಉಳಿದ ಮೂರು ಸತ್ತವು. ತನ್ನ ಕೈಯ ಗುರುತು ಅವನಿಗೆ ಗೊತ್ತಾಗದೇ ಇರುತ್ತದೆಯೇ?

“ಈರ್ಯಾ.”

ಸೀಟಿ ನನ್ನ ಗಂಟಲಿಗೆ ಇಳಿಯಿತು. ಹಿಂದಿನ ದಿನ ನನಗೊಂದು ಮುಂದಾಲೋಚನೆ ಬಂದಿತ್ತು. ಕಾಕಾ ಯಾವ ಕಡೆ ನಿಲ್ಲುತ್ತಾನೋ ಯಾರಿಗೆ ಗೊತ್ತು ಅಂತ ಅವನ ಸೆಟ್ಟಿಂಗನ್ನು ಎರಡೂ ಕಡೆಗೆ ಹಾಕಿದ್ದೆ. ಹಾಕಿ, ಎಸ್ಕೇಪ್ ಒತ್ತಿ, ಚಂದಾಗಿ ಸೇವ್ ಮಾಡಿದ್ದೆ. ಜೀವನದಲ್ಲಿ ನಾನು ಸರಿಯಾಗಿ ಸೇವ್ ಮಾಡಿದ ಮೊದಲ ವಸ್ತು ಒಂದು ತಪ್ಪು.

“ಇದು ಗೆದ್ದಂಗ ಅಲ್ಲ,” ಅಂದ ಕಾಕಾ ಜನಕ್ಕೆ. “ಭಾವಾರ ಬಟನ್ ತಪ್ಪಾಗ್ಯಾವು. ತಿದ್ದಲೇ.”

ನಾನು ಕೀಬೋರ್ಡಿಗೆ ಕೈ ಹಾಕಿದೆ. ಮಾವ ತಡೆದ. ಅವನು ಬಟನ್ನುಗಳನ್ನೇ ನೋಡುತ್ತಿದ್ದ.

“ತಡಿ. ಇದು ಶೇಖ್ಯಾನ ಕೈಗೆ ಮಾಡಿದ್ದೇನು?”

ನಾನು ತಲೆಯಾಡಿಸಿದೆ.

“ಹಂಗಾರ ತಿದ್ದಬ್ಯಾಡ. ಲೇ ಶೇಖ್ಯಾ, ಮೂರ ಬಟನ್ನಿನ್ಯಾಗ ನೀ ನನ್ನ ಹಿಂಗ ಬಡದಿ ಅಂದ್ರ, ನಾನೂ ಮೂರರಾಗ ಆಡಾಂವ. ಆದ್ರ ಬಳ್ಳು ಹ್ಯಾಂಗ ಇಡೂದು ಗೊತ್ತಾಗವಲ್ದು. ತೋರಸು.”

ಕೊಬ್ಬರಿ ಬಟ್ಟಲಿನ ಗುಂಯ್ ಸದ್ದು ನಿಂತಿತು. ಕಾಕಾ ಟಾವೆಲ್ಲನ್ನು ನೋಡಿದ. ಗೆದ್ದು ಮುಗಿದಿತ್ತು, ತೋರಿಸಲೇಬೇಕೆಂದೇನೂ ಇರಲಿಲ್ಲ. ತಿದ್ದಿ ಆಡೋಣ ಅಂದಿದ್ದರೆ ನಡೆಯುತ್ತಿತ್ತು. ಅವನು ಟಾವೆಲ್ ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಬರಿಗೈಯನ್ನು ಮಾವನ ಬಟನ್ನುಗಳ ಮೇಲೆ ಇಟ್ಟ.

“ಹೆಬ್ಬಳ್ಳು ಇಲ್ಲಿ. ಉಂಗುರ ಬಳ್ಳು ಇಲ್ಲಿ. ಇವೆರಡು ಮಡಚ್ಕೋ.”

ಗಂಗವ್ವ ಜನರ ನಡುವೆ ಕತ್ತು ತೂರಿಸಿ, ಕಣ್ಣು ಸಣ್ಣ ಮಾಡಿ ನೋಡಿದಳು.

“ಎರಡ ಬಳ್ಳೇನು ಹೋಗಿದ್ದು?” ಅಂದಳು. “ಏ ಶೇಖಪ್ಪಾ, ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕ ನಾ ಮೊಣಕೈತನಾ ಇಲ್ಲ ಅಂತ ತಿಳ್ಕೊಂಡಿದ್ನಲ್ಲೋ! ನನ್ನ ಬಾಯಾಗಿನ ಹಲ್ಲು ಇದಕ್ಕಿಂತ ಹೆಚ್ಚು ಹೋಗ್ಯಾವ!”

ಮೊದಲು ನಕ್ಕವನು ಕಾಕಾ. ಆಮೇಲೆ ಇಡೀ ಪಡಸಾಲೆ.

ಮಾವ ಎರಡು ಬೆರಳು ಮಡಚಿಕೊಂಡು ನಿಂತ. ಹೊಸದಾಗಿ ಶುರುವಾಯಿತು. ಒಂದು ಸುತ್ತು ಕಾಕಾ, ಒಂದು ಸುತ್ತು ಮಾವ. ಮೂರನೆಯದರಲ್ಲಿ ಇಬ್ಬರ ಜೀವವೂ ನೂಲಿನಷ್ಟು ಉಳಿದಿತ್ತು. ಕಾಕಾನ ಕಿರುಬೆರಳು ಮೇಲೆದ್ದಿತು. ಫಟ್ ಅಂತ ಕರೆಂಟು ಹೋಯಿತು.

ಪರದೆ ಕಪ್ಪು. ಇಡೀ ಊರು ನನ್ನ ಕಡೆ ತಿರುಗಿತು. ಕಾಕಾ ಕೇಳಿದ್ದು ಒಂದೇ: “ಸೆಟ್ಟಿಂಗು?”

“ಸೇವ್ ಆಗ್ಯಾವ ಕಾಕಾ!” ಅಂದೆ. ಪರೀಕ್ಷೆಯಲ್ಲಿ ಪಾಸಾದವರು ಕೂಡ ಅಷ್ಟು ಜೋರಾಗಿ ಕೂಗಿರಲಿಕ್ಕಿಲ್ಲ.

ಕರೆಂಟು ಸಂಜೆವರೆಗೂ ಬರಲಿಲ್ಲ. ಗೆದ್ದವರು ಯಾರೆಂದು ತೀರ್ಮಾನವಾಗಲಿಲ್ಲ, ಐದೂ ಗಿಟಕನ್ನು ಬೆಲ್ಲದ ಜೊತೆ ಎಲ್ಲರೂ ತಿಂದು ಮುಗಿಸಿದರು. ಪಂಚಮಿ ಕಳೆದ ಮೇಲೆ ನಾನು ಶಿಗ್ಗಾಂವಿಗೆ ಮರಳಿದೆ. ಕಂಪ್ಯೂಟರ್ ಪರೀಕ್ಷೆ ಮತ್ತೆ ಬರೆದೆ. ಆ ಸಲ ಎಷ್ಟು ಸಲ ಸೇವ್ ಮಾಡಿದೆನೆಂದರೆ ಬರೆಯಲು ಹೊತ್ತು ಸಾಲದೆ ಅಂಚಿನಲ್ಲಿ ಪಾಸಾದೆ.

ಇದೆಲ್ಲ ಹಾನಗಲ್ಲಿನ ಆ ಓಣಿಯಲ್ಲಿ ಎಂಟು ಸೀನಿನಲ್ಲಿ ನೆನಪಾಯಿತು. ಮುಂದಿನ ರವಿವಾರವೇ ಶಿಗ್ಗಾಂವಿ, ಸವಣೂರು ದಾಟಿ ಹತ್ತಿಮತ್ತೂರಿಗೆ ಹೋದೆ. ಗಿರಣಿ ನಡೆದಿತ್ತು. ಪಡಸಾಲೆಯಲ್ಲಿ ಮಶೀನು ನಿಂತಿತ್ತು. ಟಾವೆಲ್ ಕಾಕಾನ ಹೆಗಲ ಮೇಲಿತ್ತು, ಬೆವರು ಒರೆಸಿಕೊಳ್ಳಲು.

“ಬಾ, ನಿನಗೊಂದು ತೋರಸ್ತೇನಿ,” ಅಂದ. ನಾನು ಹೋದ ಮೇಲೆ ಅವನು ತಾನೇ ಎಲ್ಲ ಕಲಿತಿದ್ದ. ಒಬ್ಬೊಬ್ಬರ ಕೈಗೆ ಒಂದೊಂದು ಸೆಟ್ಟಿಂಗ್ ಮಾಡಿ, ಬೇರೆ ಬೇರೆ ಫೋಲ್ಡರಿನಲ್ಲಿ ಹೆಸರು ಹಾಕಿ ಇಟ್ಟಿದ್ದ. ಒಂದು “ಶೇಖಪ್ಪ”. ಒಂದು “ಭಾವ”. ಇನ್ನೊಂದು “ಗಂಗವ್ವ”, ನಡುಗುವ ಕೈಗೆ ಯಾವುದು ತಾಗಿದರೂ ನಡೆಯುವಂತೆ ಅಕ್ಕಪಕ್ಕದ ಎರಡೆರಡು ಬಟನ್ನಿಗೆ ಒಂದೊಂದು ಕೆಲಸ. ಕೊನೆಯಲ್ಲಿ “ಈರ್ಯಾ”.

“ನನಗೂ ಮಾಡಿಯೇನು? ನನ್ನ ಕೈಗೆ ಏನಾಗೈತಿ?”

“ಕೈಗಲ್ಲಲೇ,” ಅಂದ ಕಾಕಾ. “ಆಡಿ ನೋಡು.”

ಆಡಿದೆ. ಮೊದಲ ಬಟನ್ ಒತ್ತಿದೆ, ಗುದ್ದು. ಎರಡನೆಯದು, ಗುದ್ದು. ಆರೂ ಬಟನ್ ಗುದ್ದೇ.

“ನೀ ಹ್ಯಾಂಗೂ ನೋಡ್ದ ಎಲ್ಲಾ ಒಮ್ಮೆಲೇ ಒತ್ತಾಂವ,” ಅಂದ. “ಯಾವುದು ಒತ್ತಿದ್ರೂ ತಪ್ಪಾಗಬಾರ್ದು ಅಂತ ಮಾಡೇನಿ.”

ಹಿಟ್ಟು ಕಾಯುತ್ತಿದ್ದ ಗಂಗವ್ವ ಎದುರು ಬಂದು ನಿಂತಳು. ಬುಟ್ಟಿಯನ್ನು ನನ್ನ ಕಾಲ ಹತ್ತಿರ ಇಟ್ಟಳು. ನನ್ನ ಆರೂ ಬಟನ್ ಗುದ್ದೇ ಆಗಿದ್ದರೂ ಅರ್ಧ ನಿಮಿಷದಲ್ಲಿ ನನ್ನನ್ನು ಕೆಡವಿದಳು.

ಅಷ್ಟರಲ್ಲಿ ಒಳಗೆ ಪಟ್ಟಾ ಕಿರ್ ಅಂದಿತು. ಕಾಕಾ ಎದ್ದ. ನಾನು ಅಭ್ಯಾಸದಂತೆ ಮೇನ್ ಕಡೆ ನೋಡಿದೆ. ಗೋಡೆಯ ಮೇಲೆ ಹಳೆಯ ಕೆಂಪು ಅಕ್ಷರದ ಕೆಳಗೆ ಹೊಸದೊಂದು ಸಾಲು ಬಂದಿತ್ತು: “ಪಟ್ಟಾ ಮುಟ್ಟೂದಿದ್ರ ಮೇನ್. ಆಟ ಇದ್ರ ಅದಕ್ಕೂ ಮೊದಲು ಎಸ್ಕೇಪ್.” ಇದೂ ಸೊಟ್ಟ ಅಕ್ಷರ, ಆದರೆ ವಾಲಿದ್ದು ಬೇರೆ ದಿಕ್ಕಿಗೆ. ಬಲಗೈ ಬರಹ.

ಕಾಕಾ ಕಟ್ಟೆಯ ಹತ್ತಿರ ಬಂದು, ಉಂಗುರಬೆರಳಿನಿಂದ ಕೀಬೋರ್ಡಿನ ಎಡಮೂಲೆ ಒತ್ತಿದ. ಆಟ ಮುಚ್ಚಿತು.

“ನಿಂದೂ ಸೇವ್ ಆತು,” ಅಂದು, ಹೋಗಿ ಮೇನ್ ಇಳಿಸಿದ.